ಕಳ್ಳ ವಿಳಾಸಕ್ಕೂ ಒಬ್ಬ ಯಜಮಾನ ಇರ್ತಾನೆ

ಮೊನ್ನೆ ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಪಾತ್ರೆ ಅಂಗಡಿಯವರು ಕೈಬೀಸಿ ಕರೆದರು. ಬೋಣಿ ಹೊತ್ತು. ಆ ಹೊತ್ತಿನಲ್ಲಿ ಗಿರಾಕಿ ಬಿಟ್ಟು ಬೇರೆಯವರ ಹತ್ತಿರ ಮಾತಾಡುವ ಜಾಯಮಾನ ಅವರದಲ್ಲ. ಏನೋ ಆಗಿದೆ ಅಂದುಕೊಂಡೇ ಹೋದೆ.

‘ಮೂವತ್ತೆಂಟು ಸಾವಿರ ಹೋಯ್ತು ಕಣ್ರೀ’ ಅಂದರು.

ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಮೊಬೈಲಿಗೆ ಒಂದು ಮೆಸೇಜು. ನಿಮ್ಮ ಖಾತೆಯ ಕೆವೈಸಿ ಮುಗಿದಿದೆ, ಇವತ್ತು ರಾತ್ರಿಯೇ ಖಾತೆ ಬಂದ್ ಆಗುತ್ತದೆ, ಕೆಳಗಿನ ಲಿಂಕ್ ಒತ್ತಿ ಎಂದು. ಲಿಂಕಿನಲ್ಲಿ ಬ್ಯಾಂಕಿನ ಹೆಸರೂ ಇತ್ತು. ಸೋಮವಾರ ಬೆಳಿಗ್ಗೆ ಸಗಟು ವ್ಯಾಪಾರಿಗೆ ದುಡ್ಡು ಕಳಿಸಬೇಕು, ಖಾತೆ ಬಂದ್ ಆದರೆ ಗತಿಯೇನು ಎಂಬ ಗಾಬರಿ. ಒತ್ತಿದರು. ಥೇಟ್ ಬ್ಯಾಂಕಿನ ಪುಟದಂತೆಯೇ ಒಂದು ಪುಟ. ಕೇಳಿದ್ದೆಲ್ಲ ತುಂಬಿದರು, ಬಂದ ಒಟಿಪಿಯನ್ನೂ ಕೊಟ್ಟರು. ಎರಡೇ ಏಟಿಗೆ ದುಡ್ಡು ಮಾಯ.

ಸೋಮವಾರ ಬೆಳಿಗ್ಗೆ ಹತ್ತಿರದ ಠಾಣೆಗೆ ಹೋದರೆ ‘ಇದು ನಮಗೆ ಬರಲ್ಲ, ಸೆನ್ ಠಾಣೆಗೆ ಹೋಗಿ’ ಎಂಬ ಉತ್ತರ. ಅಲ್ಲಿ ‘ಬ್ಯಾಂಕಿನ ಸ್ಟೇಟ್‌ಮೆಂಟ್ ತನ್ನಿ’. ಬ್ಯಾಂಕಿನಲ್ಲಿ ‘ಊಟದ ನಂತರ ಬನ್ನಿ’. ಮೂರು ಬಾಗಿಲು ತಿರುಗಿ ಸಂಜೆ ಮತ್ತೆ ಠಾಣೆಗೆ ಹೋದರೆ ‘ಆ ಲಿಂಕ್ ತೋರಿಸಿ’ ಅಂದರಂತೆ. ‘ಎಲ್ಲಿಂದ ತೋರಿಸ್ಲಿ? ಸಿಟ್ಟು ಬಂದು ರಾತ್ರಿನೇ ಅಳಿಸಿ ಹಾಕ್ಬಿಟ್ಟಿದ್ದೆ’ ಎಂದು ತಲೆ ಚಚ್ಚಿಕೊಂಡರು.

ಕತೆ ಇಷ್ಟೇ ಆಗಿದ್ದರೆ ಈ ಅಂಕಣಕ್ಕೆ ತರುತ್ತಿರಲಿಲ್ಲ. ಇಂಥದ್ದು ದಿನಾ ನಡೆಯುತ್ತದೆ. ಆದರೆ ಅದೇ ಸಾಲಿನಲ್ಲಿ ಐದು ಅಂಗಡಿ ಸುತ್ತಿದಾಗ ಗೊತ್ತಾದದ್ದು ಬೇರೆ. ಅದೇ ಮೆಸೇಜು, ಅದೇ ಲಿಂಕು, ಆರು ದಿನ ಮೊದಲೇ ಬಳೆ ಅಂಗಡಿಯವರಿಗೆ ಬಂದಿತ್ತು. ಅವರು ಜಾಣರು, ಇದು ಮೋಸ ಎಂದು ತಿಳಿದು ಅಳಿಸಿ ಸುಮ್ಮನಾದರು. ಔಷಧಿ ಅಂಗಡಿಯ ಹುಡುಗನಿಗೂ ಬಂದಿತ್ತು, ಅವನು ನಕ್ಕು ಬಿಟ್ಟ. ‘ನಾನು ಮೋಸ ಹೋಗ್ಲಿಲ್ವಲ್ಲ, ನನಗ್ಯಾಕೆ ಸಾರ್ ಊರ ಉಸಾಬರಿ?’ ಎಂದು ನನ್ನನ್ನೇ ಕೇಳಿದ.

ಉಸಾಬರಿ ಯಾಕೆ ಅಂದರೆ, ಆರು ದಿನ ಆ ಕಳ್ಳ ವಿಳಾಸ ಬಾಗಿಲು ತೆರೆದುಕೊಂಡೇ ಕೂತಿತ್ತು. ಮೋಸ ಹೋದವನು ಎಚ್ಚರಾಗುವುದು ದುಡ್ಡು ಹೋದ ಮೇಲೆ. ದುಡ್ಡು ಹೋಗುವ ಮೊದಲೇ ದೂರು ಕೊಡಬಲ್ಲವನು ಮೋಸ ಹೋಗದ ಜಾಣನೊಬ್ಬನೇ. ಆ ಜಾಣ ಸುಮ್ಮನಿದ್ದರೆ ಪಕ್ಕದವನ ಗಲ್ಲಾಪೆಟ್ಟಿಗೆ ಖಾಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ವಿಳಾಸವನ್ನು ಹಿಂದಿನಿಂದ ಓದಿ

‘ಇಂಟರ್‌ನೆಟ್ ಅಂದ್ರೆ ಗಾಳಿ, ಅದಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ’ ಎಂಬುದು ನಮ್ಮ ಜನರ ನಂಬಿಕೆ. ತಪ್ಪು. ಹೊಲಕ್ಕೆ ಸರ್ವೆ ನಂಬರ್, ಪಹಣಿ ಇದ್ದಂತೆ ಪ್ರತಿಯೊಂದು ವಿಳಾಸಕ್ಕೂ ಒಂದು ನೋಂದಣಿ ಇದೆ. ಯಾವುದೋ ಕಂಪೆನಿಗೆ ದುಡ್ಡು ಕಟ್ಟಿಯೇ ಆ ಹೆಸರನ್ನು ತೆಗೆದುಕೊಂಡಿರುತ್ತಾರೆ. ಕಳ್ಳನೂ ಅಷ್ಟೇ.

ಮೊದಲು ವಿಳಾಸ ಓದುವುದನ್ನು ಕಲಿಯಬೇಕು. ಅಂಚೆಯವರು ಲಕೋಟೆಯನ್ನು ಹೇಗೆ ಓದುತ್ತಾರೆ? ಕೆಳಗಿನ ಸಾಲಿನಿಂದ. ಮೊದಲು ಪಿನ್‌ಕೋಡ್, ಊರು, ಆಮೇಲೆ ಬೀದಿ, ಕೊನೆಗೆ ಹೆಸರು. ಇಂಟರ್‌ನೆಟ್ ವಿಳಾಸವೂ ಹಾಗೆಯೇ. ಮೊದಲು ಬರುವ ಒಂಟಿ ಓರೆಗೆರೆಯ ತನಕ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ‘ನಿಮ್ಮಬ್ಯಾಂಕ್ ಡಾಟ್ ಕೆವೈಸಿ-ಇವತ್ತೇ ಡಾಟ್ ಕಾಮ್’ ಅಂತಿದ್ದರೆ ಅದು ಬ್ಯಾಂಕಿನದಲ್ಲ, ‘ಕೆವೈಸಿ-ಇವತ್ತೇ ಡಾಟ್ ಕಾಮ್’ ಎಂಬುವನದು. ಮುಂದಿರುವ ಬ್ಯಾಂಕಿನ ಹೆಸರು ಬರೀ ಬೋರ್ಡು. ಖಾಸಗಿ ವ್ಯಾನಿನ ಮುಂದೆ ‘ಬೆಂಗಳೂರು’ ಎಂದು ಬೋರ್ಡು ತೂಗಿಬಿಟ್ಟ ಮಾತ್ರಕ್ಕೆ ಅದು ಸರ್ಕಾರಿ ಬಸ್ಸಾಗುತ್ತದೆಯೇ?

ಬ್ಯಾಂಕಿನ ಮಟ್ಟಿಗೆ ಈಗ ಇನ್ನೊಂದು ಗುರುತು ಬಂದಿದೆ. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ಅಪ್ಪಣೆ ಮಾಡಿತ್ತು. ಆ ಬಾಲವನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬೇರೆಯವರಿಗೆ ಆ ಬಾಲ ಸಿಗುವುದಿಲ್ಲ. ಬ್ಯಾಂಕಿನ ಹೆಸರು ಹೇಳಿ ಬೇರೆ ಬಾಲ ಹಚ್ಚಿಕೊಂಡು ಬಂದರೆ ಅನುಮಾನ ಪಡಿ.

ಪಹಣಿ ತೆಗೆಸುವುದು ಹೇಗೆ?

ವಿಳಾಸ ಯಾರದು ಎಂದು ಹುಡುಕಲು ಕಚೇರಿಗೆ ಅಲೆಯಬೇಕಿಲ್ಲ. ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಎಂಬ ಸಂಸ್ಥೆಯ ‘ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್’ ಪುಟದಲ್ಲಿ ಆ ಹೆಸರು ಹಾಕಿದರೆ ಸಾಕು. ಕಳ್ಳ ಪುಟವನ್ನು ತೆರೆಯುವ ಅಗತ್ಯವೇ ಇಲ್ಲ. ಎಂದು ನೋಂದಣಿ ಆಯಿತು, ಯಾವ ಕಂಪೆನಿಯ ಮೂಲಕ ಆಯಿತು, ದೂರು ಕೊಡಲು ಯಾವ ಇ-ಮೇಲ್, ಎಲ್ಲ ಬರುತ್ತದೆ. ಹತ್ತಾರು ವರ್ಷದ ಬ್ಯಾಂಕು ಹತ್ತು ದಿನದ ಹಿಂದೆ ಹುಟ್ಟಿದ ವಿಳಾಸ ಇಟ್ಟುಕೊಂಡಿರುತ್ತದೆಯೇ? ಹುಟ್ಟಿದ ತಾರೀಖೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ.

ಯಜಮಾನನ ಹೆಸರು ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಖಾಸಗಿ ಮಾಹಿತಿ ಕಾಯುವ ಕಾನೂನು ಜಾರಿಯಾದ ಮೇಲೆ ಹೆಸರು, ಫೋನು ಮುಚ್ಚಿಟ್ಟಿರುತ್ತಾರೆ. ಪರವಾಗಿಲ್ಲ. ಡ್ರೈವರ್ ಅಡ್ಡಾದಿಡ್ಡಿ ಓಡಿಸಿದರೆ ನಾವು ಅವನ ಹೆಸರು ಕೇಳುತ್ತೇವೆಯೇ? ಬಸ್ಸಿನ ನಂಬರ್ ಬರೆದುಕೊಂಡು ಡಿಪೋಗೆ ಹೇಳುತ್ತೇವೆ. ಇಲ್ಲಿ ನೋಂದಣಿ ಕಂಪೆನಿಯೇ ಡಿಪೋ. 2024ರ ಏಪ್ರಿಲ್ 5ರಿಂದ ಐಕ್ಯಾನ್ ಕರಾರು ಬಿಗಿ ಮಾಡಿದೆ. ಈ ಬಗೆಯ ಮೋಸದ ಪುಟದ ಬಗ್ಗೆ ಸರಿಯಾದ ಪುರಾವೆ ಸಮೇತ ದೂರು ಬಂದರೆ ಕರಾರಿಗೆ ಒಳಪಟ್ಟ ಕಂಪೆನಿ ಕ್ರಮ ಕೈಗೊಳ್ಳಲೇಬೇಕು. ‘ಡಾಟ್ ಇನ್’ ಎಂದು ಕೊನೆಯಾಗುವ ಹೆಸರುಗಳ ಉಸ್ತುವಾರಿ ಮಾತ್ರ ನಮ್ಮ ದೇಶದ ನಿಕ್ಸಿ ಸಂಸ್ಥೆಯದು.

ಹೆಸರಿನ ಹಿಂದೆ ಒಂದು ನಂಬರೂ ಇರುತ್ತದೆ, ಐಪಿ ವಿಳಾಸ ಅನ್ನುತ್ತಾರೆ. ಹಳೆಯ ಬಗೆಯದಾದರೆ ನಾಲ್ಕು ಅಂಕಿ, ಒಂದೊಂದೂ 0ಯಿಂದ 255ರೊಳಗೆ. ಜಗತ್ತಿಗೆಲ್ಲ ಈ ನಂಬರ್ ಹಂಚುವ ಪ್ರಾದೇಶಿಕ ಸಂಸ್ಥೆಗಳು ಐದು. ನಮ್ಮ ಕಡೆಯದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಅವರ ಪುಸ್ತಕದಲ್ಲೂ ಹುಡುಕಬಹುದು. ಆದರೆ ಅಲ್ಲಿ ಸಿಗುವುದು ಕಂಪೆನಿಯ ಹೆಸರು, ಮನುಷ್ಯನ ಹೆಸರಲ್ಲ. ಮೊಬೈಲ್ ಕಂಪೆನಿಗಳು ಒಂದೇ ನಂಬರನ್ನು ಒಂದೇ ಹೊತ್ತಿನಲ್ಲಿ ನೂರಾರು ಗಿರಾಕಿಗಳಿಗೆ ಹಂಚಿರುತ್ತವೆ. ಆದ್ದರಿಂದಲೇ ಪೊಲೀಸರು ತಾರೀಖು, ಗಂಟೆ, ನಿಮಿಷ ಕೇಳುವುದು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ ಕಂಪೆನಿಗಳು ಇಂಥ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕು. ಏಳೆಂಟು ತಿಂಗಳು ಬಿಟ್ಟು ಎದ್ದರೆ ಪುರಾವೆ ಸಿಕ್ಕೀತೆಂಬ ಭರವಸೆಯಿಲ್ಲ.

ಒಂದು ಎಚ್ಚರಿಕೆಯ ಮಾತು. ನಂಬರ್ ಸಿಕ್ಕಿತೆಂದು ಯಾರ ಮನೆ ಮುಂದೆಯೂ ಹೋಗಿ ಕೂಗಾಡಬೇಡಿ. ಎಷ್ಟೋ ಸಲ ಕಳ್ಳರು ಯಾವುದೋ ಶಾಲೆಯ, ಯಾವುದೋ ಆಸ್ಪತ್ರೆಯ ಪುಟದ ಬೀಗ ಮುರಿದು ಒಳಗೆ ಅಂಗಡಿ ಇಟ್ಟಿರುತ್ತಾರೆ. ಅಲ್ಲಿ ಯಜಮಾನನೂ ಕಳವಾದವನೇ. ನಿಮ್ಮ ದೂರು ಅವನಿಗೂ ಉಪಕಾರ.

ಯಾವ ಬಾಗಿಲು ತಟ್ಟಬೇಕು?

ದುಡ್ಡು ಹೋಗಿದ್ದರೆ ಬೇರೆ ಯೋಚನೆಯೇ ಬೇಡ, ಆ ಕ್ಷಣ 1930ಕ್ಕೆ ಫೋನ್ ಮಾಡಿ. ಕಳ್ಳ ಇನ್ನೊಂದು ಖಾತೆಗೆ ಸಾಗಿಸುವ ಮೊದಲೇ ದುಡ್ಡನ್ನು ತಡೆದು ನಿಲ್ಲಿಸುವುದಕ್ಕೇ ಆ ನಂಬರ್ ಇರುವುದು. ನಮ್ಮ ಪಾತ್ರೆ ಅಂಗಡಿಯವರಿಗೆ ಭಾನುವಾರ ರಾತ್ರಿ ಇದು ಗೊತ್ತಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೇನೋ.

ದುಡ್ಡು ಹೋಗದಿದ್ದರೆ? ಅದಕ್ಕೂ ಜಾಗ ಇದೆ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ಕೇಂದ್ರ ಸರ್ಕಾರದ ಪುಟದಲ್ಲಿ ಅನುಮಾನದ ಲಿಂಕು, ಫೋನ್ ನಂಬರು, ಇ-ಮೇಲನ್ನು ಬರೆಸಬಹುದು. ಮೊದಲೇ ಯಾರಾದರೂ ಬರೆಸಿದ್ದಾರೆಯೇ ಎಂದು ಹುಡುಕಿಯೂ ನೋಡಬಹುದು. ಬಂದದ್ದು ಬರೀ ಕರೆಯೋ ಮೆಸೇಜೋ ಆದರೆ ಸಂಚಾರ್ ಸಾಥಿಯಲ್ಲಿ ‘ಚಕ್ಷು’ ಎಂಬ ವಿಭಾಗ 2024ರ ಮಾರ್ಚಿನಿಂದ ಇದೆ.

ಯಾವ ಬಾಗಿಲಿಗೆ ಹೋದರೂ ಕೈಯಲ್ಲಿ ಇರಬೇಕಾದ್ದು ಇಷ್ಟು: ಪೂರ್ತಿ ಲಿಂಕು (ಒತ್ತಿ ಹಿಡಿದು ಕಾಪಿ ಮಾಡಿ, ತೆರೆಯಬೇಡಿ), ಮೆಸೇಜಿನ ಫೋಟೋ, ಕಳಿಸಿದವನ ನಂಬರು, ತಾರೀಖು ಮತ್ತು ಹೊತ್ತು. ಅಳಿಸುವುದು ಆಮೇಲೆ.

ನಾನೂ ಮಾಡಿ ನೋಡಿದೆ. ಸಾಲಿನ ಕೊನೆಯ ಟೈಲರ್ ಅಂಗಡಿಯವರ ಮೊಬೈಲಿನಲ್ಲಿ ಆ ಮೆಸೇಜು ಇನ್ನೂ ಇತ್ತು. ಹುಡುಕಿದರೆ ವಿಳಾಸ ಹುಟ್ಟಿ ಹನ್ನೊಂದು ದಿನ. ಬುಧವಾರ ರಾತ್ರಿ ಕೂತು ನೋಂದಣಿ ಕಂಪೆನಿಗೆ, ಬ್ಯಾಂಕಿಗೆ, ಸರ್ಕಾರದ ಪುಟಕ್ಕೆ, ಮೂರೂ ಕಡೆ ಬರೆದೆ. ಅರ್ಧ ಗಂಟೆಯ ಕೆಲಸ. ನನ್ನ ಇಂಗ್ಲಿಷು ಪಿಯುಸಿಗೇ ನಿಂತದ್ದು, ಅದರಲ್ಲೇ ನಾಲ್ಕು ಸಾಲು ಗೀಚಿದೆ. ಶುಕ್ರವಾರ ಸಂಜೆ ಗೆಳೆಯನ ಕಂಪ್ಯೂಟರ್ ಅಂಗಡಿಯಲ್ಲಿ ನೋಡಿಸಿದರೆ ಪುಟ ಮುಚ್ಚಿತ್ತು. ನನ್ನಿಂದಲೇ ಮುಚ್ಚಿತು ಎಂದು ಬೀಗುವುದಿಲ್ಲ, ಬೇರೆಯವರೂ ಬರೆದಿರಬಹುದು. ನಾಳೆ ಅದೇ ಕಳ್ಳ ಇನ್ನೊಂದು ಹೆಸರಿನಲ್ಲಿ ಪೆಟ್ಟಿಗೆ ಅಂಗಡಿ ತೆರೆಯಬಹುದು. ತೆರೆಯಲಿ. ಮತ್ತೆ ಬರೆಯೋಣ. ಆರು ದಿನ ಬಾಳುವ ಮೋಸ ಎರಡೇ ದಿನಕ್ಕೆ ಸತ್ತರೆ ಎಷ್ಟೋ ಗಲ್ಲಾಪೆಟ್ಟಿಗೆ ಉಳಿಯುತ್ತವೆ.

ದೊಡ್ಡವರಿಗೆ ನಾಲ್ಕು ಮಾತು

ಜನ ಜಾಗೃತರಾಗಬೇಕು ಎಂದು ಭಾಷಣ ಬಿಗಿಯುವವರಿಗೆ ಬರವಿಲ್ಲ. ದೂರು ಹಿಡಿದು ಬಂದ ಜಾಗೃತನಿಗೆ ಏನು ಮರ್ಯಾದೆ ಎಂಬುದೇ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಏನು ಹೇಳುತ್ತದೆ? ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು. ವೇಷ ಹಾಕಿ ಕಂಪ್ಯೂಟರ್ ಮೂಲಕ ಮೋಸ ಮಾಡುವುದು ಐಟಿ ಕಾಯ್ದೆಯ 66ಡಿ ಕಲಂನಂತೆ ಮೂರು ವರ್ಷದ ತನಕ ಜೈಲಿನ ಅಪರಾಧ. ತನಿಖೆ ಸೆನ್ ಠಾಣೆಯ ಇನ್ಸ್‌ಪೆಕ್ಟರ್ ಮಾಡಲಿ, ಬೇಡ ಅಂದವರಾರು? ಆದರೆ ‘ನಮಗೆ ಬರಲ್ಲ’ ಎಂದು ಬಾಗಿಲಲ್ಲೇ ವಾಪಸ್ ಕಳಿಸುವುದು ಯಾವ ನ್ಯಾಯ ಸ್ವಾಮಿ?

ದೇಶದ ಮೊಟ್ಟಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಅಂಥ ರಾಜ್ಯದ ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಮೂಲವ್ಯಾಧಿ ಔಷಧಿಯ ಬೋರ್ಡು ಏಳು ಎಣಿಸಿದೆ, 1930ರ ಬೋರ್ಡು ಒಂದೂ ಕಾಣಲಿಲ್ಲ. ಪ್ರತಿ ಬಸ್ಸಿನೊಳಗೆ, ಪ್ರತಿ ಬ್ಯಾಂಕ್ ಶಾಖೆಯ ಬಾಗಿಲಲ್ಲಿ ಆ ನಾಲ್ಕು ಅಂಕಿಯನ್ನು ಕನ್ನಡದಲ್ಲಿ ದಪ್ಪಗೆ ಬರೆಸಲು ಎಷ್ಟು ಖರ್ಚಾದೀತು? ವಾರಕ್ಕೊಂದು ದಿನ, ಸಂತೆಯ ದಿನ, ಒಬ್ಬ ಪೇದೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಮೇಜು ಹಾಕಿ ಕೂರಿಸಿದರೆ ಫಾರಂ ತುಂಬಲು ಬಾರದವರಿಗೆ ಆಸರೆಯಾಗುತ್ತದೆ.

ವರ್ತಕರ ಸಂಘದವರಿಗೂ ಒಂದು ಮಾತು. ಗಣಪತಿ ಚಂದಾಕ್ಕೆ ಪುಸ್ತಕ ಇಡುತ್ತೀರಿ, ಇದಕ್ಕೂ ಒಂದು ಇಡಿ. ಯಾವ ಅಂಗಡಿಗೆ ಕಳ್ಳ ಮೆಸೇಜು ಬಂದರೂ ಅದರಲ್ಲಿ ಬರೆಯಲಿ, ಮೊಬೈಲ್ ಬಲ್ಲ ಹುಡುಗನೊಬ್ಬ ಅವತ್ತೇ ದೂರು ಹಾಕಲಿ.

ಪಾತ್ರೆ ಅಂಗಡಿಯವರ ಮೂವತ್ತೆಂಟು ಸಾವಿರ ವಾಪಸ್ ಬರುತ್ತದೋ ಇಲ್ಲವೋ, ದೂರಂತೂ ಕೊನೆಗೆ ದಾಖಲಾಗಿದೆ. ನಿನ್ನೆ ಸಂಜೆ ಆ ಕಡೆ ಹೋದಾಗ ಬಳೆ ಅಂಗಡಿಯವರು ತಾವಾಗಿಯೇ ಕರೆದು ಮೊಬೈಲ್ ಮುಂದೆ ಹಿಡಿದರು. ‘ಇನ್ನೊಂದು ಬಂದಿದೆ ನೋಡಿ, ಕರೆಂಟ್ ಕಟ್ ಮಾಡ್ತೀವಿ ಅಂತ. ಅಳಿಸಿಲ್ಲ. ಎಲ್ಲಿಗೆ ಬರೀಬೇಕು ಹೇಳಿ’ ಅಂದರು.

ಜನ ಕೇಳಲು ಶುರು ಮಾಡಿದ್ದಾರೆ. ಹೇಳಬೇಕಾದವರು ಬಾಗಿಲು ತೆರೆಯುವರೇ?