ಸೆನ್ಸಾರ್ ಉತ್ತರ ಕೊಡುತ್ತಿಲ್ಲ ಎಂದರೆ ಅದು ಹಾಳಾಗಿದೆ ಎಂದೇ ಅರ್ಥವೇ?

ಕಳೆದ ಮಳೆಗಾಲದಲ್ಲಿ ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವಾಗ ನಮ್ಮ ಮನೆಯ ಕಾರಿನ ವೈಪರ್ ‘ಆಟೋ’ದಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಕೈಯಿಂದ ಸ್ವಿಚ್ ಹಾಕಿದರೆ ಮಾತ್ರ ಓಡುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿ, “ಮಳೆ ಸೆನ್ಸಾರ್ ಹೋಗಿದೆ, ಹೊಸದು ಹಾಕಬೇಕು” ಎಂದರು. ಚಿತ್ರದುರ್ಗದ ಇನ್ನೊಬ್ಬ ಮೆಕ್ಯಾನಿಕ್ ಸೆನ್ಸಾರಿನ ಕನೆಕ್ಟರ್ ಬಿಚ್ಚಿ ನೋಡಿದರು. ಗಾಜಿನ ಅಂಚಿನಿಂದ ನೀರು ಜಿನುಗಿ ಒಂದು ಪಿನ್ ಹಸಿರುಗಟ್ಟಿತ್ತು. ಅದನ್ನು ಒರೆಸಿ ಮತ್ತೆ ಕೂರಿಸಿದರು, ವೈಪರ್ ಸರಿಹೋಯಿತು.

ಹಾಗಾದರೆ ಸ್ಕ್ಯಾನರ್ ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದ್ದು ಒಂದು, ನಾವು ಅರ್ಥ ಮಾಡಿಕೊಂಡದ್ದು ಇನ್ನೊಂದು.

ಒಂದೇ ತಂತಿಯ ಹಾಜರಿ

ಮಳೆ ಸೆನ್ಸಾರ್, ಕನ್ನಡಿ, ಕಿಟಕಿ, ಎ.ಸಿ.ಯಂತಹ ಭಾಗಗಳನ್ನು ಅನೇಕ ಕಾರುಗಳಲ್ಲಿ ‘ಲಿನ್’ ಎಂಬ ವ್ಯವಸ್ಥೆ ಜೋಡಿಸುತ್ತದೆ. ಪೂರ್ತಿ ಹೆಸರು ಲೋಕಲ್ ಇಂಟರ್‌ಕನೆಕ್ಟ್ ನೆಟ್‌ವರ್ಕ್. ಯುರೋಪಿನ ಕಾರು ಕಂಪನಿಗಳು 1990ರ ದಶಕದ ಕೊನೆಯಲ್ಲಿ ಸೇರಿ ರೂಪಿಸಿದ ಇದು ಈಗ ಐಎಸ್ಒ 17987 ಎಂಬ ಅಂತರರಾಷ್ಟ್ರೀಯ ಮಾನಕ. ಮಾತುಕತೆಗೆ ಇರುವುದು ಒಂದೇ ತಂತಿ. ವೇಗ ಸೆಕೆಂಡಿಗೆ ಹೆಚ್ಚೆಂದರೆ 20,000 ಬಿಟ್.

ಇದರ ಕ್ರಮ ಶಾಲೆಯ ಹಾಜರಿಯಂತೆ. ಮೇಷ್ಟ್ರು ನಂಬರ್ ಕೂಗುತ್ತಾರೆ, ಆ ನಂಬರಿನ ಹುಡುಗ ಮಾತ್ರ ಉತ್ತರಿಸುತ್ತಾನೆ. ಇಲ್ಲಿ ಮೇಷ್ಟ್ರ ಸ್ಥಾನದಲ್ಲಿರುವ ಚಿಪ್ಪಿಗೆ ಮಾಸ್ಟರ್ ಎಂದು ಹೆಸರು. ಅದರ ಕೂಗು ಹೆಡರ್, ಅದಕ್ಕೆ ಬರುವ ಉತ್ತರ ರೆಸ್ಪಾನ್ಸ್. ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ.

ಹೆಡರಿನಲ್ಲಿ ಏನಿರುತ್ತದೆ?

ಮೂರು ಭಾಗಗಳಿರುತ್ತವೆ. ಮೊದಲನೆಯದು ಬ್ರೇಕ್. ಮಾಸ್ಟರ್ ತಂತಿಯ ವೋಲ್ಟೇಜನ್ನು ಕನಿಷ್ಠ 13 ಬಿಟ್ ಕಾಲ ಕೆಳಗೆ ಹಿಡಿಯುತ್ತದೆ. ಸಾಮಾನ್ಯ ಮಾಹಿತಿಯಲ್ಲಿ ಅದು 9 ಬಿಟ್‌ಗಿಂತ ಹೆಚ್ಚು ಹೊತ್ತು ಕೆಳಗಿರುವುದಿಲ್ಲ. ಆದ್ದರಿಂದ ಹೊಸ ಕೂಗು ಶುರುವಾಯಿತೆಂದು ಎಲ್ಲರಿಗೂ ತಿಳಿಯುತ್ತದೆ.

ಎರಡನೆಯದು ಸಿಂಕ್: 0 ಮತ್ತು 1 ಒಂದರ ಹಿಂದೊಂದು ಬರುವ ಬೈಟ್. ಅಗ್ಗದ ಚಿಪ್ಪುಗಳ ಗಡಿಯಾರ ಅಷ್ಟು ನಿಖರವಲ್ಲ. ಈ ಏರಿಳಿತವನ್ನು ಅಳೆದು ಅವು ತಮ್ಮ ವೇಗವನ್ನು ಮಾಸ್ಟರ್‌ಗೆ ಹೊಂದಿಸಿಕೊಳ್ಳುತ್ತವೆ.

ಮೂರನೆಯದು ಗುರುತು ಸಂಖ್ಯೆ. 0ರಿಂದ 63ರವರೆಗೆ ಯಾವುದಾದರೂ ಒಂದು, ಜೊತೆಗೆ ಸಂಖ್ಯೆ ತಪ್ಪಾಗಿ ಕೇಳಿಸಿತೇ ಎಂದು ಪರೀಕ್ಷಿಸಲು ಎರಡು ಬಿಟ್.

ಸೆನ್ಸಾರಿನ ಮೈಕ್ರೋಕಂಟ್ರೋಲರ್ ಒಳಗೆ ಇದಕ್ಕೆಂದೇ ಲಿನ್ ಕಂಟ್ರೋಲರ್ ಎಂಬ ವಿಭಾಗವಿರುತ್ತದೆ. ಹೆಡರ್ ಸರಿಯಾಗಿ ಬಂದರೆ ಅದು ಮುಖ್ಯ ಪ್ರೊಸೆಸರನ್ನು ಎಚ್ಚರಿಸುತ್ತದೆ. ಮುಂದೆ ಮೂರೇ ದಾರಿ: ಉತ್ತರಿಸುವುದು, ಬೇರೆಯವರ ಉತ್ತರ ಕೇಳಿಸಿಕೊಳ್ಳುವುದು ಅಥವಾ ಸುಮ್ಮನಿರುವುದು. ಉತ್ತರವೆಂದರೆ 1ರಿಂದ 8 ಬೈಟ್ ಮಾಹಿತಿ, ಕೊನೆಯಲ್ಲಿ ತಾಳೆ ನೋಡಲು ಒಂದು ಚೆಕ್‌ಸಮ್ ಬೈಟ್.

ಮೌನಕ್ಕೆ ಹಲವು ಕಾರಣ

ಸೆಕೆಂಡಿಗೆ 19,200 ಬಿಟ್ ವೇಗದಲ್ಲಿ 8 ಬೈಟ್‌ನ ಇಡೀ ಸಂಭಾಷಣೆ ಸುಮಾರು 9 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮಾಸ್ಟರ್ ಅದನ್ನು ದೋಷವೆಂದು ದಾಖಲಿಸಿ ಮುಂದಿನ ನಂಬರಿಗೆ ಹೋಗುತ್ತದೆ. ಆಗ ಅದಕ್ಕೆ ಗೊತ್ತಿರುವುದು ಇಷ್ಟೇ: ‘ಕರೆದೆ, ಯಾರೂ ಓಗೊಡಲಿಲ್ಲ.’

ಹುಡುಗ ಶಾಲೆಗೇ ಬಂದಿಲ್ಲವೋ, ಕೂಗು ಕೇಳಿಸಲಿಲ್ಲವೋ, ಗಂಟಲು ಕಟ್ಟಿದೆಯೋ ಹಾಜರಿ ಪುಸ್ತಕದಿಂದ ತಿಳಿಯದು. ಸೆನ್ಸಾರ್ ನಿಜಕ್ಕೂ ಸುಟ್ಟಿರಬಹುದು. ಅದಕ್ಕೆ ವಿದ್ಯುತ್ ಕೊಡುವ ಫ್ಯೂಸ್ ಹೋಗಿರಬಹುದು, ಅರ್ತ್ ತಂತಿ ಸಡಿಲವಾಗಿರಬಹುದು, ಪಿನ್ ತುಕ್ಕು ಹಿಡಿದಿರಬಹುದು. ಮಾಸ್ಟರ್‌ಗೆ ಇವೆಲ್ಲವೂ ಒಂದೇ ಮೌನ.

ಉತ್ತರ ಬಂದು ಚೆಕ್‌ಸಮ್ ತಾಳೆಯಾಗದಿದ್ದರೆ ಕಥೆ ಬೇರೆ. ಸೆನ್ಸಾರ್ ಜೀವಂತವಾಗಿದೆ, ಮಾತು ದಾರಿಯಲ್ಲಿ ಕೆಡುತ್ತಿದೆ ಎಂಬ ಅನುಮಾನಕ್ಕೆ ಅದು ದಾರಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಹಿರಿಯೂರಿನ ಹೆದ್ದಾರಿಯಲ್ಲೋ ಹೊಳಲ್ಕೆರೆಯ ಪೇಟೆಯಲ್ಲೋ ಕಾರು ನಿಲ್ಲಿಸಿದಾಗ ಮೂರು ಪ್ರಶ್ನೆ ಕೇಳಿ. ಕೋಡ್ ಹೇಳುತ್ತಿರುವುದು ಭಾಗ ಕೆಟ್ಟಿದೆ ಎಂದೋ, ಸಂಪರ್ಕ ಕಡಿದಿದೆ ಎಂದೋ? ‘ಯು’ ಅಕ್ಷರದಿಂದ ಶುರುವಾಗುವ ಕೋಡ್‌ಗಳು ಸಂಪರ್ಕಕ್ಕೆ ಸಂಬಂಧಿಸಿದವು. ಮೌನವಾಗಿರುವುದು ಒಂದೇ ಭಾಗವೋ, ಅದೇ ತಂತಿಯ ಎಲ್ಲ ಭಾಗಗಳೋ? ಎಲ್ಲವೂ ಮೌನವಾಗಿದ್ದರೆ ಮೊದಲು ತಂತಿ ಮತ್ತು ಮಾಸ್ಟರನ್ನು ನೋಡಬೇಕು. ಕನೆಕ್ಟರಿನಲ್ಲಿ ವಿದ್ಯುತ್ ಮತ್ತು ಅರ್ತ್ ಅಳೆದಿದ್ದೀರಾ?

ಈ ಅಳತೆಗೆ ಒಂದು ಮಲ್ಟಿಮೀಟರ್ ಮತ್ತು ಕೆಲವು ನಿಮಿಷ ಸಾಕು. ಅದನ್ನು ಮಾಡಿದ ಮೇಲೂ ಸೆನ್ಸಾರ್ ಬದಲಿಸಬೇಕಾಗಿ ಬಂದರೆ ಬದಲಿಸಿ. ಆದರೆ ಮೌನವನ್ನೇ ಮರಣವೆಂದು ನಂಬಿ ಹಣ ಕಟ್ಟಬೇಡಿ.