ಮೋಟ್ರು ಹೋಗಿದೆ ಸಾರ್!

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕ್ಯಾತಗಾನಚೆರ್ಲು, ಪಾವಗಡ ತಾಲ್ಲೂಕು. ಹೆಸರು ಕೇಳದವರಿಗೆ ಒಂದು ಮಾತು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2050 ಮೆಗಾವ್ಯಾಟ್ ಮುಟ್ಟಿತಲ್ಲ ಪಾವಗಡದ ಸೋಲಾರ್ ಪಾರ್ಕ್, ಅದು ಹಬ್ಬಿರೋ ಐದು ಊರುಗಳಲ್ಲಿ ನಮ್ಮದೂ ಒಂದು. ಸುಮಾರು 13 ಸಾವಿರ ಎಕರೆ. ಶೇಂಗಾ ಬೆಳೀತಿದ್ದ ನೆಲದ ಮೇಲೆ ಈಗ ಕಣ್ಣು ಹಾಯಿಸಿದಷ್ಟೂ ನೀಲಿ ಫಲಕಗಳು. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ಆ ದುಡ್ಡಲ್ಲಿ ನಮ್ಮ ಚಿಕ್ಕಪ್ಪ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ರು. 2008ರ ಮಾಡೆಲ್ಲು, ಡೀಸೆಲ್. ಯಾವ ಕಂಪನಿ ಅಂತ ಕೇಳಬೇಡಿ, ನನ್ನ ಜಗಳ ಬೇರೆ ಇದೆ.

ಆ ಕಾರಿನ ಎಡಗಡೆ ಮುಂದಿನ ಗ್ಲಾಸು ಕೆಳಗೆ ಇಳಿದಿದ್ದು ಮೇಲೆ ಬರಲಿಲ್ಲ. ಪವರ್ ವಿಂಡೋ ನೋಡಿ! ಪಾವಗಡದ ಏಪ್ರಿಲ್ ಬಿಸಿಲು, ಕೆಂಪು ಧೂಳು, ಪಕ್ಕದಲ್ಲಿ ಚಿಕ್ಕಮ್ಮ ಸೆರಗು ಮುಖಕ್ಕೆ ಹಿಡಕೊಂಡು ಕೂತಿದ್ದಾರೆ. ಟೌನಿನ ಒಂದು ಗ್ಯಾರೇಜಿಗೆ ಹೋದ್ರು. ಅಲ್ಲಿ ಒಬ್ಬ ಹುಡುಗ ಸ್ವಿಚ್ಚು ಎರಡು ಸಲ ಒತ್ತಿ ನೋಡಿ ಹೇಳಿದ, "ಮೋಟ್ರು ಹೋಗಿದೆ ಸಾರ್." ಅಷ್ಟೇ ತಪಾಸಣೆ. ಮೋಟರು, ಗ್ಲಾಸ್ ಎತ್ತೋ ಮೆಷಿನ್ನು ಎರಡೂ ಸೇರಿಸಿ 4,200 ರೂಪಾಯಿ. ಹಾಕಿದ. ಡೋರು ತೆಗೆದುಕೊಂಡೇ ಸ್ವಿಚ್ ಒತ್ತಿ ತೋರಿಸಿದ, ಗ್ಲಾಸು ಸೊಯ್ಯಂತ ಮೇಲೆ ಹೋಯ್ತು. ಚಿಕ್ಕಪ್ಪ ದುಡ್ಡು ಕೊಟ್ಟು, ಡೋರು ಹಾಕ್ಕೊಂಡು ಊರಿಗೆ ಬಂದ್ರು. ಸಂಜೆ ಇಳಿಸಿದ ಗ್ಲಾಸು ಮತ್ತೆ ಏಳಲಿಲ್ಲ....

ಎರಡನೇ ಸಲ ಹೋದಾಗ "ಹಂಗಾದ್ರೆ ಡ್ರೈವರ್ ಕಡೆ ಮೈನ್ ಸ್ವಿಚ್ಚು." 2,600. ಮೂರನೇ ಸಲ "ವೈರಿಂಗ್ ಪೂರ್ತಿ ಚೇಂಜ್ ಮಾಡ್ಬೇಕು, ಇಲ್ಲಾಂದ್ರೆ ಹಳೇ ಗಾಡಿ, ಮಾರಿಬಿಡಿ ಸಾರ್." ಇದನ್ನು ನಾನು ರಿಪೇರಿ ಅನ್ನಲ್ಲ. ಇದು ನಮ್ಮ ದುಡ್ಡಲ್ಲಿ ಆಡೋ ಲಾಟರಿ. ಬಂದರೆ ಬಂತು, ಬರದಿದ್ರೆ ಮುಂದಿನ ಪಾರ್ಟು.

ಕೊನೆಗೆ ಸರಿ ಮಾಡಿದ್ದು ಊರಲ್ಲೇ ಟ್ರಾಕ್ಟರ್ ವೈರಿಂಗ್ ಮಾಡೋ ಹುಡುಗ. ಅವನ ಹತ್ತಿರ ಇದ್ದಿದ್ದು ಒಂದು ಹಳೇ ಇಂಡಿಕೇಟರ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಡೋರ್ ಪ್ಯಾಡು ಬಿಚ್ಚಿ, ಮೋಟರಿಗೆ ಹೋಗೋ ಎರಡು ವೈರಿನ ನಡುವೆ ಬಲ್ಬು ಇಟ್ಟ. ನನಗೆ "ಅಣ್ಣಾ, ಸ್ವಿಚ್ ಒತ್ತಿ ಹಿಡ್ಕೊಳಿ" ಅಂದು, ಡೋರನ್ನು ಮೆಲ್ಲಗೆ ಮುಚ್ಚುತ್ತಾ ಬಂದ. ಪೂರ್ತಿ ತೆಗೆದಾಗ ಬಲ್ಬು ಜೋರಾಗಿ ಉರೀತು. ಮುಕ್ಕಾಲು ಮುಚ್ಚಿದ ತಕ್ಷಣ ಆರಿಹೋಯ್ತು. ಡೋರಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತಲ್ಲ, ಅದನ್ನು ಹಿಂದಕ್ಕೆ ಸರಿಸಿದರೆ ಒಳಗೆ ಒಂದು ವೈರು ತುಂಡಾಗಿ ಬರೀ ಪ್ಲಾಸ್ಟಿಕ್ ಹೊದಿಕೆಯಲ್ಲಿ ನೇತಾಡ್ತಿತ್ತು. ಹದಿನೈದು ವರ್ಷಕ್ಕೂ ಮೇಲೆ ದಿನಾ ತೆಗೆದು ಮುಚ್ಚಿ ಮಾಡಿದ ಡೋರು, ತಾಮ್ರ ಎಷ್ಟು ಅಂತ ಮಡಚಿಕೊಂಡೀತು? ಅವನು ತುಂಡಾದ ಜಾಗದಲ್ಲೇ ಬೆಸೆಯಲಿಲ್ಲ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತೆ, ಮಡಚೋ ಕಡೆ ಅದಿದ್ರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ ಅಂತ. ಹೊಸ ಮೆದು ವೈರಿನ ತುಂಡು ಹಾಕಿ, ಎರಡೂ ಜೋಡಣೆ ಕೊಳವೆಯ ಆಚೆ ಈಚೆ ಬರೋ ಹಾಗೆ ಮಾಡಿದ. 150 ರೂಪಾಯಿ ತಗೊಂಡ, ಅದೂ ಬೇಡ ಬೇಡ ಅಂತಲೇ.

ಮಲ್ಟಿಮೀಟರ್ ಯಾಕೆ ತಗೊಂಡಿಲ್ಲ ಅಂತ ನಾನು ಬುದ್ಧಿವಂತಿಕೆ ತೋರಿಸೋಕೆ ಹೋದೆ. ಅವನು ಹೇಳಿದ್ದು ನನಗೆ ಪಾಠ. ವೈರಿನಲ್ಲಿ ಒಂದೇ ಎಳೆ ಉಳಿದಿದ್ರೂ ಮೀಟರು 12 ವೋಲ್ಟ್ ತೋರಿಸಿಬಿಡುತ್ತೆ, ಯಾಕಂದ್ರೆ ಅದು ಕರೆಂಟನ್ನು ಹೆಚ್ಚುಕಮ್ಮಿ ಎಳೆಯೋದೇ ಇಲ್ಲ. 21 ವ್ಯಾಟಿನ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತೆ, ಒಂದು ಎಳೆಯ ಮೇಲೆ ಅದು ಮಂಕಾಗುತ್ತೆ. ಸುಳ್ಳು ಹೇಳಲ್ಲ.

ಈಗ ಕೆಲವರು ಶುರು ಮಾಡ್ತೀರಿ, "ಅದಕ್ಕೇ ಹೇಳೋದು, ಹ್ಯಾಂಡಲ್ ತಿರುಗಿಸೋ ಕಾಲವೇ ಚೆನ್ನಾಗಿತ್ತು" ಅಂತ. ದಯವಿಟ್ಟು ಬೇಡ. ಇಂಥ ಹಳೇ ಕಾರುಗಳ ಪವರ್ ವಿಂಡೋದಲ್ಲಿ ಯಾವ ಮಾಯಾಮಂತ್ರವೂ ಇಲ್ಲ. ಹ್ಯಾಂಡಲ್ ಇದ್ದ ಜಾಗದಲ್ಲಿ ಎರಡು ವೈರಿನ ಒಂದು ಮೋಟರು. ಕರೆಂಟು ಹೀಗೆ ಹರಿದರೆ ಮೇಲೆ, ತಿರುಗುಮುರುಗಾದರೆ ಕೆಳಗೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಕಿಟಕಿಯ ಕರೆಂಟೂ ಡ್ರೈವರ್ ಕಡೆ ಸ್ವಿಚ್ಚಿನ ಮೂಲಕವೇ ಹೋಗುತ್ತೆ, ಹಾಗಾಗಿ ಅಲ್ಲಿ ಕಾಂಟ್ಯಾಕ್ಟ್ ಕಪ್ಪಾದ್ರೆ ಇಲ್ಲಿ ಗ್ಲಾಸು ನಿಲ್ಲುತ್ತೆ. ಇಷ್ಟು ತಿಳಿಯೋಕೆ ಇಂಜಿನಿಯರಿಂಗ್ ಓದಬೇಕಾ?

ಪ್ಯಾಡು ಬಿಚ್ಚೋ ಮೊದಲೇ ಎಷ್ಟೋ ಗೊತ್ತಾಗುತ್ತೆ. ರಾತ್ರಿ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಒಳಗಿನ ಲೈಟು ಹಾಕಿ, ಸ್ವಿಚ್ಚು ಒತ್ತಿ. ಲೈಟು ಸ್ವಲ್ಪ ಮಂಕಾದ್ರೆ ಕರೆಂಟು ಮೋಟರಿನವರೆಗೂ ಹೋಗ್ತಿದೆ, ಏನೋ ಬಿಗಿಯಾಗಿದೆ ಅಂತ. ಮಂಕಾಗಲೇ ಇಲ್ಲ ಅಂದ್ರೆ ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು, ವೈರು. ಸ್ವಿಚ್ ಒತ್ತಿ ಹಿಡಿದು ಡೋರಿಗೆ ಒಳಗಿಂದ ಅಂಗೈಯಲ್ಲಿ ತಟ್ಟಿದಾಗ ಮೋಟರು ಎದ್ದರೆ ಕಾರ್ಬನ್ ಬ್ರಶ್ ಸವೆದಿರೋ ಸಾಧ್ಯತೆ ಜಾಸ್ತಿ. ಕರ್ರ್ ಅಂತ ಸದ್ದು ಬಂದು ಗ್ಲಾಸು ಅಲ್ಲೇ ಇದ್ರೆ ಮೆಷಿನ್ನಿನ ಕೇಬಲ್ ಹರಿದಿದೆ. ಮೇಲಿಂದ ಮೇಲೆ ಒತ್ತಿದ ಮೇಲೆ ನಿಂತಿದ್ರೆ ಹತ್ತು ನಿಮಿಷ ಸುಮ್ನಿರಿ. ತುಂಬಾ ಮೋಟರುಗಳಲ್ಲಿ ಬಿಸಿಯಾದ್ರೆ ತಾನೇ ಕಡಿತ ಮಾಡಿಕೊಳ್ಳೋ ವ್ಯವಸ್ಥೆ ಇದೆ, ಅದನ್ನೇ ಎಷ್ಟೋ ಜನ "ಸುಟ್ಟೋಯ್ತು" ಅಂತ ಬದಲಾಯಿಸ್ತಾರೆ. ಬಿಚ್ಚೋದೇ ಆದರೆ ಬ್ಯಾಟರಿ ನೆಗೆಟಿವ್ ತೆಗೆದು, ಗ್ಲಾಸಿಗೆ ಗಟ್ಟಿ ಟೇಪ್ ಹಾಕಿ ಫ್ರೇಮಿಗೆ ಕಟ್ಟಿ. ಇಲ್ಲಾಂದ್ರೆ ಧಡ್ ಅಂತ ಒಳಗೆ ಬೀಳುತ್ತೆ.

ನಮ್ಮ ಕಡೆ ಇನ್ನೊಂದು ಇದೆ, ಧೂಳು. ಸೋಲಾರ್ ಫಲಕಗಳ ಮೇಲೆ ಕೂತ ಧೂಳನ್ನು ಆಗಾಗ ತೊಳೀತಾರೆ, ಕರೆಂಟು ಕಮ್ಮಿಯಾಗುತ್ತೆ ಅಂತ. ಅದೇ ಧೂಳು ಗ್ಲಾಸು ಜಾರೋ ರಬ್ಬರ್ ಬೀಡಿಂಗಿನಲ್ಲಿ ತುಂಬಿ, ಒಣಗಿ, ಮೋಟರು ಏದುಸಿರು ಬಿಡ್ತಿರುತ್ತೆ. ಅದನ್ನು ಒರೆಸೋರು ಯಾರೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೀರಿ. ಗ್ರೀಸು, ಇಂಜಿನ್ ಆಯಿಲ್ಲು ಬೇಡ. ರಬ್ಬರು ಉಬ್ಬುತ್ತೆ, ಧೂಳು ಇನ್ನೂ ಅಂಟುತ್ತೆ.

ತಪ್ಪೆಲ್ಲಾ ಕಾರು ಕಂಪನಿಗಳದ್ದು ಅನ್ನೋರಿಗೂ ಒಂದು ಮಾತು. ಕಂಪನಿಗಳು ಸಾಚಾ ಅಂತ ನಾನೂ ಹೇಳ್ತಿಲ್ಲ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ತಪಾಸಣೆ ಉಪಕರಣ ಸಿಗದ ಹಾಗೆ ಮಾಡಿದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯ್ತು, ಅದು ಬೇರೆ ಕತೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿತು, ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಎಲ್ಲಾ ಸರಿ. ಆದರೆ ಒಂದು ಇಂಡಿಕೇಟರ್ ಬಲ್ಬು ಹಿಡಿದು ನೋಡೋಕೆ ಯಾವ ಕಂಪನಿ ಅಡ್ಡ ಬಂದಿತ್ತು?

ಇನ್ನು ನಾವು. "ನೋಡೋದೆಲ್ಲಾ ಬೇಡ, ಹೊಸದು ಹಾಕ್ಬಿಡಿ" ಅಂತ ಹೇಳೋರು ನಾವೇ. ಪಾರ್ಟಿಗೆ 4,200 ಎಣಿಸಿ ಕೊಡೋ ನಾವು, ಒಂದು ಗಂಟೆ ಕೂತು ತಪ್ಪು ಹುಡುಕಿದವನು 300 ಕೇಳಿದ್ರೆ "ಏನ್ ಹಾಕಿದೀಯಪ್ಪಾ, ಅಷ್ಟೊಂದಾ?" ಅಂತೀವಿ. ಹುಡುಕಿದ್ದಕ್ಕೆ ಕೂಲಿ ಸಿಗಲ್ಲ, ಬದಲಾಯಿಸಿದ್ದಕ್ಕೆ ಸಿಗುತ್ತೆ ಅಂದಮೇಲೆ ಗ್ಯಾರೇಜಿನ ಹುಡುಗ ಯಾವುದನ್ನು ಕಲೀತಾನೆ? ನಾನಂತೂ ಈಗ ಗಾಡಿ ಬಿಡುವಾಗ ಎರಡೇ ಮಾತು ಹೇಳ್ತೀನಿ. ಮೋಟರಿನ ಹತ್ತಿರ ಬಲ್ಬು ಇಟ್ಟು ತೋರಿಸಿ, ಅದಕ್ಕೆ ಬೇರೆ ದುಡ್ಡು ಕೊಡ್ತೀನಿ. ಮತ್ತೆ ತೆಗೆದ ಹಳೇ ಪಾರ್ಟು ನನಗೆ ವಾಪಸ್ ಬೇಕು.

ಹಾಗೆ ಚಿಕ್ಕಪ್ಪನ ಹತ್ತಿರ ಹಟ ಮಾಡಿ ಆ ಗ್ಯಾರೇಜಿಂದ "ಹೋಗಿರೋ" ಮೋಟರನ್ನು ತರಿಸಿದೆ. ಅಂಗಳದಲ್ಲಿಟ್ಟು ಟ್ರಾಕ್ಟರ್ ಬ್ಯಾಟರಿಗೆ ಮುಟ್ಟಿಸಿದ್ರೆ ಜುಂಯ್ ಅಂತ ತಿರುಗ್ತು. ವೈರು ತಿರುಗಿಸಿ ಹಿಡಿದ್ರೆ ಆ ಕಡೆಗೂ ತಿರುಗ್ತು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ, ಎದ್ದು ಒಳಗೆ ಹೋದ್ರು. ಮೋಟರು ಈಗ ನಮ್ಮನೆ ಅಟ್ಟದ ಮೇಲಿದೆ. 2008ರ ಮಾಡೆಲ್ಲು, ಎಡಗಡೆ ಮುಂದಿನ ಡೋರಿಂದು, ಸುಸ್ಥಿತಿಯಲ್ಲಿದೆ. ಯಾರಿಗಾದ್ರೂ ಬೇಕಿದ್ರೆ ಹೇಳಿ :-)