ಧರೆ ಜಾರಿದರೂ ಸಾಲ ಜಾರದು

ಮಲೆನಾಡಿನ ಭೂಮಿಯನ್ನು ಬೆಳೆಯ ಆಧಾರವೆಂದು ಕಾಣುತ್ತಿದ್ದ ದೃಷ್ಟಿ ಹಿಂದೆ ಸರಿದು, ಅದನ್ನು ಹೂಡಿಕೆಯ ಸರಕೆಂದು ಎಣಿಸುವ ದೃಷ್ಟಿ ಬಲಗೊಳ್ಳುತ್ತಿದೆ. 1961ರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದ ಬಳಿಕ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಹಾಗೆಂದು ಗುಡ್ಡದ ಮೇಲೆ ಹಣ ಹೂಡುವವರೆಲ್ಲ ನಗರದ ಧನಿಕರಲ್ಲ. ನಿವೃತ್ತಿಯ ಹಣಕ್ಕೆ ಸಾಲ ಸೇರಿಸಿ ಐದು ಗುಂಟೆ ಕೊಂಡವರು, ತೋಟವನ್ನು ಅಡವಿಟ್ಟು ಹೋಂಸ್ಟೇ ಕಟ್ಟಿದ ಸಣ್ಣ ಹಿಡುವಳಿದಾರರು ಅವರಲ್ಲಿದ್ದಾರೆ. ಇಂಥವರನ್ನು ಪರಿಸರವಿರೋಧಿಗಳೆಂದು ಜರೆಯುವ ಮುನ್ನ ಅವರ ಸಾಲದ ಲೆಕ್ಕವನ್ನು ನೋಡುವುದು ಅಗತ್ಯ. ಗುಡ್ಡದ ಅಳಿವು ಉಳಿವು ಆ ಲೆಕ್ಕದಲ್ಲಿಯೂ ಅಡಗಿದೆ.

20 ಲಕ್ಷ ರೂಪಾಯಿಯನ್ನು ಶೇಕಡ 9ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 18,000 ರೂಪಾಯಿ. ಅವಧಿ ಮುಗಿಯುವಾಗ ತೆತ್ತ ಒಟ್ಟು ಹಣ 43 ಲಕ್ಷವನ್ನು ದಾಟುತ್ತದೆ. ಬೆಳೆಸಾಲದ ಮರುಪಾವತಿ ಕೊಯ್ಲನ್ನು ಅನುಸರಿಸುತ್ತದೆ. ತಿಂಗಳ ಕಂತಿಗೆ ಮಳೆಗಾಲವೆಂಬುದಿಲ್ಲ. ಆಷಾಢದಲ್ಲಿ ಅತಿಥಿಗಳಿಲ್ಲದ ಕೋಣೆಗೂ ಕಂತು ಕಟ್ಟಬೇಕು. ಆ ಕೊರತೆ ತುಂಬಲು ಮತ್ತೆರಡು ಕೋಣೆ, ಅದಕ್ಕಾಗಿ ಜೆಸಿಬಿಯಿಂದ ಮತ್ತಷ್ಟು ಧರೆ ಕಡಿತ. ಹೀಗೆ ಸಾಲದ ಒತ್ತಡ ನೇರವಾಗಿ ಮಣ್ಣಿನ ಮೇಲೆ ಬೀಳುತ್ತದೆ. ನೀರು ಕುಡಿದ ಮಣ್ಣಿನ ತೂಕ ಹೆಚ್ಚಿ ಕಣಗಳ ಹಿಡಿತ ಸಡಿಲವಾಗುವ ಕಾಲದಲ್ಲಿ, ಬುಡ ಕಡಿದ ಇಳಿಜಾರಿಗೆ ಆಸರೆಯಿರದು. 2018ರ ಕೊಡಗಿನ ಭೂಕುಸಿತಗಳ ಬಳಿಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅತಿವೃಷ್ಟಿಯೊಡನೆ ಇಳಿಜಾರುಗಳಲ್ಲಿ ಮನುಷ್ಯರು ಮಾಡಿದ ಮಾರ್ಪಾಡುಗಳನ್ನೂ ಕಾರಣವೆಂದು ಗುರುತಿಸಿತು.

ಬ್ಯಾಂಕುಗಳು ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಋಣಭಾರ ಪತ್ರ ಕೇಳುತ್ತವೆ. ಇವಿಲ್ಲದೆ ಸಾಲ ನಿರಾಕರಿಸಿದಾಗ ಅನೇಕರು ಖಾಸಗಿ ಲೇವಾದೇವಿಯವರ ಮನೆಬಾಗಿಲಿಗೆ ಹೋಗುತ್ತಾರೆ. ಅಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇಕಡ 24. 20 ಲಕ್ಷಕ್ಕೆ ತಿಂಗಳ ಬಡ್ಡಿಯೇ 40,000 ರೂಪಾಯಿ, ಅಸಲು ಹಾಗೆಯೇ ಉಳಿಯುತ್ತದೆ. ಬ್ಯಾಂಕಿನ ನಿರಾಕರಣೆಯನ್ನು ಅಡ್ಡಿಯೆಂದಲ್ಲ, ಎಚ್ಚರಿಕೆಯೆಂದು ತಿಳಿಯುವುದೇ ವಿವೇಕ.

ಬ್ಯಾಂಕು ಒಪ್ಪಿದ ಮಾತ್ರಕ್ಕೆ ಜಾಗ ಸುರಕ್ಷಿತವೆಂದೂ ಅರ್ಥವಲ್ಲ. ಅದು ಪರೀಕ್ಷಿಸುವುದು ಮುಖ್ಯವಾಗಿ ಕಾಗದವನ್ನು, ಇಳಿಜಾರನ್ನಲ್ಲ. ಪರಿವರ್ತನೆಯಿಂದ ಇನ್ನೊಂದು ನಷ್ಟವೂ ಉಂಟು. 2002ರ ಸರ್ಫೇಸಿ ಕಾಯಿದೆಯ ಪ್ರಕಾರ, ಸಾಲ ಸುಸ್ತಿಯಾದರೆ ಬ್ಯಾಂಕು 60 ದಿನಗಳ ನೋಟಿಸು ನೀಡಿ, ಸಿವಿಲ್ ದಾವೆ ಹೂಡದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಮುಂದಾಗಬಹುದು. ಆ ಕಾಯಿದೆಯ 31ನೆಯ ಕಲಮು ಕೃಷಿಭೂಮಿಗೆ ವಿನಾಯಿತಿ ಕೊಟ್ಟಿದೆ. ಗದ್ದೆಯನ್ನೋ ಬೇಣವನ್ನೋ ನಿವೇಶನವಾಗಿ ಪರಿವರ್ತಿಸಿ ಅಡವಿಟ್ಟ ದಿನ ಆ ರಕ್ಷಣೆಯೂ ಕೈಬಿಡುತ್ತದೆ. ಸಾಲ ಸಿಗಲೆಂದು ಮಾಡಿದ ಕೆಲಸವೇ ಭೂಮಿ ಕಳೆದುಕೊಳ್ಳುವ ದಾರಿಯನ್ನು ಸುಗಮಗೊಳಿಸುತ್ತದೆ.

ಆಪತ್ತಿನ ಕಾಲದಲ್ಲಿ ಯಾರಾದರೂ ಸಾಲ ಮನ್ನಾ ಮಾಡಿಯಾರು ಎಂಬ ನಂಬಿಕೆಯೂ ದುರ್ಬಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ನೀಡಿತು. ಆದರೆ ಬಡ್ಡಿ ನಿಲ್ಲಲಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ನೆಲಸಮವಾದಾಗ, ತನ್ನ ಚೂರಲ್‌ಮಲ ಶಾಖೆಯಲ್ಲಿ ಸಾಲ ಪಡೆದಿದ್ದ ಸಂತ್ರಸ್ತರ ಸಾಲವನ್ನು ಕೇರಳ ಬ್ಯಾಂಕು ಮನ್ನಾ ಮಾಡಿತು. ಅದು ಆ ಒಂದು ಬ್ಯಾಂಕಿನ ನಿರ್ಧಾರ, ಸಾಲಗಾರರ ಹಕ್ಕಲ್ಲ. ಅಡವಿಟ್ಟ ನೆಲ ಕೊಚ್ಚಿಹೋದರೂ ಸಾಲಪತ್ರದ ಮೇಲಿನ ಸಹಿ ಅಳಿಯುವುದಿಲ್ಲ.

ಆದ್ದರಿಂದ ಸಾಲದ ವ್ಯವಸ್ಥೆಗೆ ಇಳಿಜಾರನ್ನು ನೋಡುವ ಕಣ್ಣು ಬರಬೇಕು. ಭೂವೈಜ್ಞಾನಿಕ ಸರ್ವೇಕ್ಷಣೆಯು ಭೂಕುಸಿತ ಸಂಭವನೀಯತೆಯ ನಕ್ಷೆಗಳನ್ನು ಸಿದ್ಧಪಡಿಸಿದೆ. ಪರಿವರ್ತನೆಯ ಆದೇಶಕ್ಕೂ ಸಾಲದ ಮಂಜೂರಾತಿಗೂ ಮುನ್ನ ಆ ನಕ್ಷೆಯನ್ನು ನೋಡುವುದು, ಸ್ಥಳದ ಮಣ್ಣು ಪರೀಕ್ಷಿಸುವುದು ಕಡ್ಡಾಯವಾಗಲಿ. ತಿಂಗಳ ಕಂತಿನ ಬದಲು ಹಂಗಾಮಿನ ಆದಾಯಕ್ಕೆ ಹೊಂದುವ ಮರುಪಾವತಿ ದೊರೆಯಲಿ. ಮಾರಾಟದ ಬಡಾವಣೆ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದರೆ ಸಾಮಾನ್ಯವಾಗಿ ರೇರಾ ನೋಂದಣಿ ಬೇಕೆಂಬುದು ಹಳ್ಳಿಹಳ್ಳಿಗೂ ತಿಳಿಯಲಿ.

ಕಾನೂನು ಬದಲಾಗುವವರೆಗೆ ಸಣ್ಣ ಹೂಡಿಕೆದಾರರು ಮಾಡಬಹುದಾದ ಕೆಲಸವೂ ಇದೆ. ಜಾಗವನ್ನು ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡದೆ, ಒಂದು ಮಳೆಗಾಲ ಕಾದು ನೋಡಬೇಕು: ಒರತೆ ಎಲ್ಲಿ ಏಳುತ್ತದೆ, ನೀರು ಎತ್ತ ಹರಿಯುತ್ತದೆ, ಹಳೆಯ ಮರಗಳು ಎತ್ತ ಬಾಗಿವೆ. ಪಕ್ಕದ ಮನೆಯ ಹಿರಿಯರನ್ನು ಕೇಳಿದರೆ ಆ ಧರೆ ಎಂದಾದರೂ ಜಾರಿತ್ತೇ ಎಂಬುದು ತಿಳಿಯುತ್ತದೆ. ಯಾವ ಪಹಣಿಯಲ್ಲಿಯೂ ಈ ವಿವರ ಬರೆದಿರುವುದಿಲ್ಲ. ಅನ್ನ ಕೊಡುವ ತೋಟವನ್ನು ಮಾತ್ರ ಈ ಸಾಲಕ್ಕೆ ಅಡವಿಡಬಾರದು. ಹೂಡಿಕೆ ಮುಳುಗಿದರೂ ಕುಟುಂಬವೊಂದು ಮತ್ತೆ ಎದ್ದು ನಿಲ್ಲಲು ಉಳಿಯುವ ನೆಲ ಅದೊಂದೇ.